ಖಾಲಿ ಸೀಸೆ ಕುದಿಸುತ್ತಿದ್ದ ಮೇಡಂ

ಮೈಕ್ರೋಸ್ಕೋಪಿಗೆ ಒಂದು ಕಣ್ಣಿಟ್ಟಾಗ ನಮ್ಮ ಸಸ್ಯಶಾಸ್ತ್ರದ ಮೇಡಂ ಇನ್ನೊಂದನ್ನು ಮುಚ್ಚುತ್ತಿರಲಿಲ್ಲ. ಆ ಕಣ್ಣು ಹಿಂದಿನ ಬೆಂಚಿನ ಕಳ್ಳಾಟಗಳನ್ನೂ ಹಿಡಿಯುತ್ತದೆಂದು ನಮಗೆ ಭಯ. ಎಂಬತ್ತರ ದಶಕದ ಹೊನ್ನಾಳಿಯಲ್ಲಿ ಡಯಾಟಮ್ ಎಂಬ ಮಾತು ನಾನು ಕೇಳಿದ್ದು ಅವರ ಬಾಯಲ್ಲಿ ಮಾತ್ರ. ನೀರಿನಲ್ಲಿರುವ, ಬರಿಗಣ್ಣಿಗೆ ಕಾಣದ ಪಾಚಿ. ಮೈಗೆಲ್ಲ ಗಾಜಿನ ಚಿಪ್ಪು. ನಮ್ಮ ಹೊಳೆಯವು ಬಾಗಿದ ದೋಣಿಯಂತೆ, ಬಸವಾಪಟ್ಟಣದ ಕಡೆಯ ಕೆರೆಯವು ಸಾಲಾಗಿ ಅಂಟಿದ ಡಬ್ಬಿಗಳಂತೆ. "ಗೆರೆ ನೋಡಿ ಹೇಳ್ರಿ, ಅಂದಾಜು ಹೊಡೀಬ್ಯಾಡ್ರಿ" ಎಂದು ಗದರುತ್ತಿದ್ದರು. ಆಸಿಡ್ಡಿನಲ್ಲಿ ಕುದಿಸಿದರೆ ಉಳಿದದ್ದೆಲ್ಲ ಕರಗಿ ಗಾಜಿನ ಚಿಪ್ಪು ಮಾತ್ರ ಉಳಿಯುತ್ತದೆ. ಏನನ್ನು ಕುದಿಸಿದರೂ ಪಕ್ಕದಲ್ಲಿ ಬರೀ ಆಸಿಡ್ಡಿನ ಇನ್ನೊಂದು ‘ಖಾಲಿ’ ಸೀಸೆ ಕುದಿಯಲೇಬೇಕು. ನಮಗದು ಶುದ್ಧ ಹುಚ್ಚಾಟ.

ಆ ವರ್ಷ ನಮ್ಮಣ್ಣನ ಗೆಳೆಯನ ಹೆಣ ಬಸವಾಪಟ್ಟಣದ ಆ ಕೆರೆಯಲ್ಲಿ ಸಿಕ್ಕಿತು. ಹಿಂದಿನ ದಿನ ಇಬ್ಬರೂ ಹೊನ್ನಾಳಿ ಹೊಳೆದಂಡೆಯಲ್ಲಿ ಜಗಳವಾಡಿದ್ದರು. ಅಣ್ಣ ಅವನನ್ನು ಹೊಳೆಯಲ್ಲಿ ಮುಳುಗಿಸಿ, ತನ್ನ ಲಾರಿಯಲ್ಲಿ ಒಯ್ದು ಕೆರೆಗೆ ಹಾಕಿದ್ದಾನೆಂದು ಪೊಲೀಸರ ಗುಮಾನಿ. ಗೆಳೆಯ ಬಸ್ಸು ಹತ್ತಿ ತನ್ನೂರು ಬಸವಾಪಟ್ಟಣಕ್ಕೆ ಹೋದನೆಂದು ಅಣ್ಣ ಬಡಕೊಂಡರೂ ಯಾರೂ ನಂಬಲಿಲ್ಲ. ಮುಳುಗುವವನು ಕುಡಿದ ನೀರಿನ ಡಯಾಟಮ್ ಮೂಳೆಯೊಳಗೂ ಸೇರುತ್ತದೆ. ಹಾಗಾಗಿ ಅವನು ಮುಳುಗಿದ್ದು ಯಾವ ನೀರಿನಲ್ಲೆಂದು ತಿಳಿಯಲು ಡಾಕ್ಟರು ಹೆಣದ ಮೂಳೆಯ ಮಜ್ಜೆಯನ್ನು ಮೇಡಂಗೆ ಕಳಿಸಿದರು.

ನಾನು ಲ್ಯಾಬಿನ ಬಾಗಿಲಾಚೆ ನಿಂತಿದ್ದೆ. ಸಬ್ ಇನ್ಸ್‌ಪೆಕ್ಟರು ಒಳಗೆ ಕೂತಿದ್ದರು.

"ಕೆರೇವಷ್ಟೇ ಅಲ್ಲ, ಹೊಳೇವೂ ಅದಾವೆ" ಎಂದರು ಮೇಡಂ.

ಸಬ್ ಇನ್ಸ್‌ಪೆಕ್ಟರು ಎದ್ದು ಟೋಪಿ ಹಾಕಿಕೊಂಡರು.

"ಬರಕೊಡ್ರಿ ಮತ್ತೆ, ಹೊತ್ತಾತು."

"ತಡೀರಿ. ಖಾಲಿ ಸೀಸೇದು ನೋಡಬೇಕು."

"ಖಾಲಿದ್ರಾಗೆ ಏನ್ರೀ ಐತೆ ನೋಡಾಕೆ?"

ಮೇಡಂ ಖಾಲಿ ಸೀಸೆಯ ಹನಿಯೊಂದನ್ನು ಮೈಕ್ರೋಸ್ಕೋಪಿನಡಿ ಇಟ್ಟರು. ಬಹಳ ಹೊತ್ತು ಬಗ್ಗಿ ನೋಡಿದರು. ಆಮೇಲೆ ತಲೆಯೆತ್ತಿದರು.

"ಇದ್ರಾಗೂ ಆ ಹೊಳೇವೇ ಅದಾವೆ. ತಪ್ಪು ನಂದು. ಬಟ್ಟಿ ಇಳಿಸಿದ ನೀರು ಇರ್ಲಿಲ್ಲ ಅಂತ ಸೀಸೇನ ನಲ್ಲಿ ನೀರಾಗೆ ತೊಳದೆ. ನಲ್ಲೀಗೆ ಬರೋದೂ ಹೊಳೆ ನೀರೇ."

ಶುದ್ಧ ನೀರು ತರಿಸಿ, ಎಲ್ಲವನ್ನೂ ಮತ್ತೆ ತೊಳೆದು, ಉಳಿದ ಮಜ್ಜೆಯನ್ನು ಕುದಿಸಿದರು. ಈ ಸಲ ಸಿಕ್ಕಿದ್ದು ಬರೀ ಕೆರೆಯ ಡಬ್ಬಿಗಳು. ಖಾಲಿ ಸೀಸೆಯಲ್ಲಿ ಏನೂ ಇರಲಿಲ್ಲ. ಗೆಳೆಯನನ್ನು ಬಸವಾಪಟ್ಟಣದಲ್ಲಿ ಇಳಿಸಿದ್ದ ಬಸ್ಸಿನ ಕಂಡಕ್ಟರನ್ನು ಪೊಲೀಸರು ಹುಡುಕಿದ್ದು ಆಮೇಲೆಯೇ.

ಅಣ್ಣ ಮನೆಗೆ ಬಂದ. ನಾನು ಕಾಲಿಗೆ ಬೀಳಲು ಹೋದರೆ ಮೇಡಂ ಹಿಂದೆ ಸರಿದರು. "ನಿಮ್ಮಣ್ಣಂಗೋಸ್ಕರ ಮಾಡ್ಲಿಲ್ಲಮ್ಮ. ಎರಡನೇ ಸಲಾನೂ ಹೊಳೇವು ಸಿಕ್ಕಿದ್ರೆ ಹಂಗೇ ಬರಕೊಡ್ತಿದ್ದೆ." ಎಷ್ಟೋ ವರ್ಷ ಆ ಮಾತನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಮೇಡಂ ತೀರಿಕೊಂಡ ದಿನ, ಅವರಿಗೆ ಹೆಗಲು ಕೊಟ್ಟು ಬಂದ ಅಣ್ಣನಿಗೆ ಹೇಳಿಬಿಟ್ಟೆ. ಒದ್ದೆ ಬಟ್ಟೆಯಲ್ಲೇ ಜಗಲಿಯ ಮೇಲೆ ಕೂತ ಅವನು ಪಂಚೆಯ ತುದಿ ಹಿಂಡಿದ.

"ಅವ್ರು ಅಂಥೋರು ಅಂತ ಎಲ್ಲಾರ್ಗೂ ಗೊತ್ತಿತ್ತಲ್ಲ," ಎಂದ, "ಅದಕ್ಕೇ ಕಣವ್ವ ಊರೋರು ನನ್ನ ನಂಬಿದ್ದು."