ದವಡೆಯಲ್ಲೊಂದು ಲವಂಗ

ಕ್ಯಾಮೆರಾ ಎತ್ತುವ ಮುನ್ನ ಅವರ ಬಲಗೆನ್ನೆ ಸ್ವಲ್ಪ ಉಬ್ಬುತ್ತಿತ್ತು. ಅಂಗಿ ಜೇಬಿನಿಂದ ಒಂದು ಲವಂಗ ತೆಗೆದು ದವಡೆಗಿಟ್ಟುಕೊಂಡು, ತುಟಿ ಬಿಗಿದು, ಆಮೇಲೆಯೇ ಎಡಗಣ್ಣು ಮುಚ್ಚುತ್ತಿದ್ದರು. ನೋಡಿದವರು ಪಾಪ, ಹಲ್ಲುನೋವು ಅಂದುಕೊಳ್ಳುತ್ತಿದ್ದರು. ಹಲ್ಲು ಗಟ್ಟಿಯಾಗೇ ಇದ್ದವು. ಲವಂಗ ಯಾಕೆಂದು ಗೊತ್ತಿದ್ದವಳು ನಾನೊಬ್ಬಳೇ.

ಮಧುಗಿರಿಯಲ್ಲಿ ಕೋರ್ಟಿಗೆ ಹೋಗುವ ದಾರಿಯಲ್ಲಿ ಅಪ್ಪನ ಜೆರಾಕ್ಸ್ ಅಂಗಡಿ, ಅದರ ಗೋಡೆಗೆ ಅಂಟಿಕೊಂಡೇ ಅವರ ಸ್ಟುಡಿಯೋ. ನಾನು ಸ್ಟುಡಿಯೋ ಮಾಮ ಎಂದೇ ಕರೆಯುತ್ತಿದ್ದೆ. ನಾಮಕರಣಕ್ಕೆ, ಮದುವೆಗೆ, ಪಾಸ್‌ಪೋರ್ಟ್ ಸೈಜಿನ ಫೋಟೋಗೆ ಎಂದು ಊರಿನ ಅರ್ಧ ಜನ ಅವರ ಮುಂದೆ ಕೂತೆದ್ದವರು. "ಅಮ್ಮಣ್ಣೀ, ಇಲ್ ನೋಡವ್ವ, ಒಸಿ ನಗು!" ಎಂದು ಅವರು ಕೂಗಿದರೆ ರಚ್ಚೆ ಹಿಡಿದ ಮಗುವೂ ಅಳು ನಿಲ್ಲಿಸಿ ತಿರುಗುತ್ತಿತ್ತು. ಮೊದಲ ಹುಟ್ಟುಹಬ್ಬದಿಂದ ಕಾಲೇಜಿನ ಗುರುತಿನ ಚೀಟಿಯವರೆಗೆ ನನ್ನ ಎಲ್ಲ ಫೋಟೋಗಳಲ್ಲೂ ನಾನು ಆ ಕೂಗಿಗೆ ತಿರುಗಿದವಳೇ.

ನಾನು ಕಬಡ್ಡಿ ಆಡುತ್ತಿದ್ದೆ. ಚೆನ್ನಾಗಿಯೇ ಆಡುತ್ತಿದ್ದೆ, ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ಪಿಯುಸಿ ಮುಗಿಯುವ ಹೊತ್ತಿಗೆ ಜಿಲ್ಲಾ ತಂಡಕ್ಕೆ ಹುಡುಗಿಯರನ್ನು ಆರಿಸಲು ಶಿರಾದಲ್ಲಿ ಪಂದ್ಯ ಇಟ್ಟರು. "ಟೀಮ್ಗೆ ತಗಂಡ್ರೆ ತುಮಕೂರ್ ಹಾಸ್ಟೆಲ್ಗೆ ಕಳುಸ್ತೀನಿ. ಇಲ್ಲಾಂದ್ರೆ ಆಟ ಗೀಟ ಎಲ್ಲ ಬುಟ್ಬುಟ್ಟು ಕಣ್ಮುಂದೆ ಇರ್ಬೇಕು," ಎಂದರು ಅಪ್ಪ. ಅವರು ಮಾತಿಗೆ ತಪ್ಪುವವರಲ್ಲ. ನನ್ನ ಹೆದರಿಕೆಯೂ ಅದೇ ಆಗಿತ್ತು.

ತಗಡಿನ ಛಾವಣಿಯ ಒಳಾಂಗಣ ಕ್ರೀಡಾಂಗಣ. ಬಿಸಿಲು ಬೀಳಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದರು, ಉಸಿರಾಡಲೂ ಕಷ್ಟ. ಫೋಟೋ ತೆಗೆಯಲು ಬಂದವರು ನಮ್ಮ ಸ್ಟುಡಿಯೋ ಮಾಮ. ಅಲ್ಲಿಯವರೆಗೂ ಅವರು ಕೂತವರನ್ನು, ನಿಂತವರನ್ನು ತೆಗೆದಿದ್ದರೇ ಹೊರತು ಓಡುವವರನ್ನಲ್ಲ. ಬೆಳಗಿನಿಂದ ತೆಗೆದದ್ದೆಲ್ಲ ಮಸುಕು. ಹುಡುಗಿಯರ ಮುಖ ಕಲಸಿಹೋಗಿ, ಹಿಂದಿನ ಬ್ಯಾನರಿನ ಅಕ್ಷರಗಳು ಮಾತ್ರ ನಿಚ್ಚಳವಾಗಿ ಬಂದಿದ್ದವು. ಮಾಮ ಬೆವರು ಒರೆಸಿಕೊಳ್ಳುತ್ತ ಮಧ್ಯದ ಗೆರೆಯ ತುದಿಯಲ್ಲಿ ಮಂಡಿಯೂರಿದ್ದರು.

ಕೊನೆಯ ರೈಡ್ ನನ್ನದು. ಎದುರಾಳಿಯೊಬ್ಬಳನ್ನು ಮುಟ್ಟಿ ತಿರುಗಿದ್ದೆ. ಇನ್ನೊಂದು ಹೆಜ್ಜೆ ಹಾಕಿದ್ದರೆ ಗೆರೆ ಸಿಗುತ್ತಿತ್ತು.

"ಅಮ್ಮಣ್ಣೀ, ಇಲ್ ನೋಡವ್ವ!"

ನೋಡಿಬಿಟ್ಟೆ. ಕತ್ತು ತಾನಾಗಿ ತಿರುಗಿತು. ಅಷ್ಟರಲ್ಲಿ ಯಾರೋ ಕಣಕಾಲು ಹಿಡಿದರು, ಉಳಿದವರು ಮೇಲೆ ಬಿದ್ದರು. ಮೂಗಿಗೆ ಮ್ಯಾಟಿನ ರಬ್ಬರ್ ವಾಸನೆ, ಬೆನ್ನಿಗೆ ಯಾರದೋ ಮೊಣಕೈ, ಚಾಚಿದ ಬೆರಳಿಗೆ ಎಟುಕದ ಗೆರೆ. ಎಷ್ಟು ಕೊಸರಿದರೂ ಬಿಡಿಸಿಕೊಳ್ಳಲು ಆಗಲಿಲ್ಲ. ಸೀಟಿ ಊದಿದರು. ಪಂದ್ಯ ಹೋಯಿತು, ಆಯ್ಕೆಯ ಪಟ್ಟಿಯಲ್ಲಿ ನನ್ನ ಹೆಸರೂ ಬರಲಿಲ್ಲ.

ಆ ದಿನದ ಫೋಟೋಗಳಲ್ಲಿ ಸ್ಪಷ್ಟವಾಗಿ ಬಂದದ್ದು ಅದೊಂದೇ. ಕಣಕಾಲಿಗೆ ಎರಡು ಕೈ ಬಿದ್ದಿವೆ, ನಾನು ನೇರವಾಗಿ ಕ್ಯಾಮೆರಾ ನೋಡುತ್ತಿದ್ದೇನೆ. ಒಸಿ ನಕ್ಕೂ ಇದ್ದೇನೆ.

ಅಪ್ಪ ಹೇಳಿದಂತೆಯೇ ಮಾಡಿದರು. "ಮಾಮನ ಹತ್ರ ಫೋಟೋ ಕೆಲ್ಸ ಕಲ್ತ್ಕ, ಪಕ್ದಲ್ಲೇ ನಾನಿರ್ತೀನಿ" ಎಂದು ಸ್ಟುಡಿಯೋದಲ್ಲಿ ಕೂರಿಸಿದರು. ಆ ಕೋಣೆಗೆ ಕಿಟಕಿಯಿಲ್ಲ. ಬಾಗಿಲು ತೆಗೆದರೆ ಎದುರಿಗೇ ಬೋಳು ಬೆಟ್ಟ. ನಾನು ಫೋನಿನಲ್ಲಿ ಸ್ವಲ್ಪ ಜೋರಾಗಿ ನಕ್ಕರೆ ಗೋಡೆಯಾಚೆಯಿಂದ ಅಪ್ಪನ ಕೆಮ್ಮು ಕೇಳಿಸುತ್ತಿತ್ತು. ನನ್ನನ್ನು ಅಲ್ಲಿಗೆ ತಂದು ಸಿಕ್ಕಿಸಿದವರ ಜೊತೆಯಲ್ಲೇ ದಿನವಿಡೀ ಇರಬೇಕಾಗಿತ್ತು. ಮಾಮನ ಮೇಲೆ ಸಿಟ್ಟಿತ್ತು. ಈಗಲೂ ಒಂದಿಷ್ಟು ಇದೆ.

ಅವರು ಆ ವಿಷಯ ಎತ್ತಲೇ ಇಲ್ಲ. ಆದರೆ ಲವಂಗ ಶುರುವಾದದ್ದು ಆಗಲೇ. ಒಂದು ಭಾನುವಾರ ಯಾವುದೋ ಶಾಲೆಯ ಸಭಾಂಗಣದ ಕೀಲಿ ಕೇಳಿ ತಂದು, "ಒಸಿ ಓಡ್ತೀಯಾ ಮಗ?" ಎಂದರು. ಆಮೇಲೆ ಭಾನುವಾರವೆಂದರೆ ಅದೇ ಕೆಲಸ. ಎದುರಾಳಿಗಳಿಲ್ಲದ ಅಂಗಳದಲ್ಲಿ ನಾನು ಕಬಡ್ಡಿ ಕಬಡ್ಡಿ ಎನ್ನುತ್ತ ಹೋಗಿ ಗೆರೆಗೆ ವಾಪಸು ಓಡಿಬರಬೇಕು, ಅವರು ಕ್ಲಿಕ್ಕಿಸಬೇಕು.

"ಫೋಕಸ್ಸು ನಿನ್ ಹಿಂದೆ ಓಡಾಷ್ಟ್ರಲ್ಲಿ ನೀನು ಹೊಂಟೋಗಿರ್ತೀಯ ಕಣಮ್ಮ," ಎಂದು ಗೊಣಗಿದರು.

"ಕಾಲ್ ನೋಡ್ಬೇಡಿ ಮಾಮ, ಕಾಲು ಮೋಸ ಮಾಡುತ್ತೆ. ಸೊಂಟ ನೋಡಿ. ಅದು ತಿರುಗಿದ್ ಕಡೇಗೇ ಮೈ ಹೋಗೋದು."

ಅವರಿಗೆ ದಾರಿ ಸಿಕ್ಕಿತು. "ಅಂಗಾದ್ರೆ ಹುಡುಗೀನ ಅಟ್ಟಿಸ್ಕಂಡ್ ಹೋಗೋದೇ ಬ್ಯಾಡ. ಗೆರೆ ಮ್ಯಾಲೆ ಮೊದ್ಲೇ ಫೋಕಸ್ ಕಟ್ಟಾಕಿ ಕಾಯ್ತೀನಿ. ಸೊಂಟ ಇತ್ಲಾಗ್ ತಿರುಗ್ತು ಅಂದ್ರೆ ಬರೋದು ಇಲ್ಲಿಗೇ ತಾನೆ?" ಶಟರನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೆ ಇಟ್ಟರು. ಬೆಳಕು ಸಾಲದೆ ಐಎಸ್ಒ ಏರಿಸಿದಾಗ ಚಿತ್ರದ ತುಂಬ ರವೆ ಎರಚಿದಂತಾಯಿತು. "ರವೆ ಬಂದ್ರೆ ಬರ್ಲಿ, ಮುಖ ಅಲ್ಲಾಡ್ಬಾರ್ದು" ಎಂದರು. ಫ್ಲಾಶ್ ಮಾತ್ರ ಮುಟ್ಟಲಿಲ್ಲ. ಆಡುವವರ ಕಣ್ಣು ಕುಕ್ಕುತ್ತದಲ್ಲ.

"ಬೋನು ಇಟ್ಕಂಡ್ ಕೂತಂಗಾಯ್ತು" ಎಂದೆ. ಚುಚ್ಚಲೆಂದೇ ಅಂದದ್ದು. ಮಾಮ ಕ್ಯಾಮೆರಾ ಇಳಿಸಿ ನನ್ನನ್ನು ನೋಡಿದರು. ಬಾಯಲ್ಲಿ ಲವಂಗ ಇತ್ತು.

ಕೆಲವು ವರ್ಷ ಇಬ್ಬರೂ ಸೇರಿ ಪಂದ್ಯಗಳ ಫೋಟೋ ತೆಗೆದೆವು. ಆಮೇಲೆ ಅವರಿಗೆ ಲಕ್ವಾ ಹೊಡೆದು ಬಲಭಾಗ ಬಿದ್ದುಹೋಯಿತು. ಕ್ಯಾಮೆರಾ ನನ್ನ ಕೊರಳಿಗೆ ಬಂತು, ಲವಂಗವೂ ಬಂತು.

ಮಧುಗಿರಿಯಲ್ಲೇ ಒಂದು ಒಳಾಂಗಣ ಪಂದ್ಯ. ಪಾವಗಡದ ಕಡೆಯ ಹುಡುಗಿಯೊಬ್ಬಳು ರೈಡಿಗೆ ಹೋಗಿದ್ದಳು. ನಾನು ಗೆರೆಗೆ ಫೋಕಸ್ ಕಟ್ಟಿ ಕಾಯುತ್ತಿದ್ದೆ. ಅವಳ ಸೊಂಟ ನನ್ನ ಕಡೆ ತಿರುಗಿತು. ಅದೇ ಗಳಿಗೆಗೆ ಹಿಂದಿನ ಮೂಲೆಯಿಂದ ಒಬ್ಬಳು ಅವಳ ಕಾಲಿಗೆ ಹಾರಿದ್ದು ಕಂಡಿತು. "ಹಿಂದೆ ನೋಡೇ!" ಎಂಬ ಕೂಗು ಗಂಟಲಿಗೆ ಬಂದುಬಿಟ್ಟಿತ್ತು. ಲವಂಗವನ್ನು ಕಚ್ಚಿದೆ. ನಾಲಿಗೆ ಉರಿಯಿತು, ಬೆರಳು ಒತ್ತಿತು. ಹುಡುಗಿ ಗೆರೆ ಮುಟ್ಟಿದ್ದಳು.

ಆಟ ಮುಗಿದ ಮೇಲೆ ಓಡಿಬಂದು, "ಅಕ್ಕಾ, ನಾನು ಬಂದಿದ್ದೀನಾ? ಬಾಗುಂದಾ?" ಎಂದು ಅರ್ಧ ತೆಲುಗಿನಲ್ಲಿ ಕೇಳುತ್ತ ಇಣುಕಿದಳು. ಚೆನ್ನಾಗಿ ಬಂದಿದ್ದಳು. ರೆಪ್ಪೆಯ ಮೇಲಿನ ಬೆವರೂ ಕಾಣುತ್ತಿತ್ತು.

ಕ್ಯಾಮೆರಾ ಹಿಡಿದು ನೇರವಾಗಿ ಮಾಮನ ಮನೆಗೆ ಹೋದೆ. ಅವರು ಮಂಚದ ಮೇಲೆ ಗೋಡೆಗೊರಗಿ ಕೂತಿದ್ದರು. ಎಡಗೈಯಲ್ಲೇ ಗುಂಡಿ ಒತ್ತಿ ಹುಡುಗಿಯ ಮುಖ ದೊಡ್ಡದು ಮಾಡಿಕೊಂಡರು, ಆಮೇಲೆ ಕಣ್ಣನ್ನಷ್ಟೇ ಹಿಗ್ಗಿಸಿಕೊಂಡರು. ಬಹಳ ಹೊತ್ತು ನೋಡಿದರು.

"ಇವ್ಳು... ನಮ್ ಕಡೆ ನೋಡ್ಲೇ ಇಲ್ಲ ಕಣ್ ಮಗ," ಎಂದರು. ಮಾತು ತೊದಲುತ್ತಿತ್ತು, ಕಣ್ಣು ತುಂಬಿತ್ತು.

"ಇಲ್ಲ ಮಾಮ, ನೋಡ್ಲಿಲ್ಲ. ಗೆರೇನೇ ನೋಡ್ತಾ ಇದ್ಲು" ಎಂದೆ. ನಾನೂ ಅತ್ತುಬಿಟ್ಟೆ. ಶಿರಾದ ಆ ದಿನದ ಬಗ್ಗೆ ನಮ್ಮಿಬ್ಬರ ನಡುವೆ ನಡೆದ ಮಾತು ಅಷ್ಟೇ.

ಆ ಬೇಸಿಗೆ ಕಳೆಯುವ ಮುನ್ನ ಮಾಮ ಹೋದರು. ಸ್ಟುಡಿಯೋ ಈಗ ನಾನೇ ನೋಡಿಕೊಳ್ಳುತ್ತೇನೆ. ಕಿಟಕಿ ಇನ್ನೂ ಇಲ್ಲ, ಗೋಡೆಯಾಚೆ ಅಪ್ಪ ಇನ್ನೂ ಕೆಮ್ಮುತ್ತಾರೆ. ಕೈಗೆ ಕೆಲಸ ಕೊಟ್ಟದ್ದೂ ಮಾಮನೇ, ಈ ಕೋಣೆಗೆ ಹಾಕಿದ್ದೂ ಮಾಮನೇ. ಅವರನ್ನು ನೆನೆದಾಗ ಸಿಟ್ಟೂ ಪ್ರೀತಿಯೂ ಒಟ್ಟಿಗೇ ಬರುತ್ತವೆ.

ಫೋಟೋಗೆ ಬಂದ ಮಕ್ಕಳು ನೀಲಿ ಪರದೆಯ ಮುಂದೆ ಕೂತು ಎತ್ತೆತ್ತಲೋ ನೋಡುತ್ತಿರುತ್ತಾರೆ. "ಕೂಗಿ ಕರೀರಮ್ಮ" ಎಂದು ತಾಯಂದಿರು ಅವಸರಿಸುತ್ತಾರೆ. ನಾನು ಕರೆಯುವುದಿಲ್ಲ. ಅವರಾಗಿಯೇ ಇತ್ತ ನೋಡುವ ತನಕ ಕಾಯುತ್ತೇನೆ.