ಖರೇನ ಆರಾಮ?

ಖತೀಜಾ ಮೇಡಂ ಯಾವ ರೋಗಿಯ ಮೊದಲ ಉತ್ತರವನ್ನೂ ನಂಬುತ್ತಿರಲಿಲ್ಲ. ಎಂಥ ದೊಡ್ಡ ಮನುಷ್ಯರೇ ಬರಲಿ, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಎರಡನೇ ಸಲ ಕೇಳುವವರೇ. ಹುಬ್ಬಳ್ಳಿಯಲ್ಲಿ ವೈದ್ಯಕೀಯ ಪಾಠ ಹೇಳುತ್ತಿದ್ದ ಅವರು ಪ್ರತಿ ಗುರುವಾರ ನಮ್ಮಂಥ ಎಳೆಯ ಡಾಕ್ಟರರನ್ನು ಸುಳ್ಳ ಎಂಬ ಹಳ್ಳಿಯ ದವಾಖಾನೆಗೆ ಎಳೆದೊಯ್ಯುತ್ತಿದ್ದರು. ನಮ್ಮಲ್ಲಿ ಒಬ್ಬರಾದರೂ ಅಲ್ಲೇ ನಿಲ್ಲಬೇಕೆಂಬುದು ಅವರ ಹಟ.

ನಾನು ಮಂಡ್ಯದ ಕಡೆಯವನು. ಮೊದಲ ದಿನವೇ ಎಡವಿದೆ. ಕಾಲಿಗೆ ಮುಳ್ಳು ಚುಚ್ಚಿಸಿಕೊಂಡು ಬಂದಿದ್ದ ಕಲ್ಲವ್ವನೆಂಬ ಮುದುಕಿಗೆ ಪಟ್ಟಿ ಕಟ್ಟಿ, "ಮತ್ತೆಲ್ಲ ಆರಾಮಾ ಅಜ್ಜಿ?" ಎಂದೆ. "ಆರಾಮ ಅದೀನ್ರಿ" ಎಂದಳು. ಕಳಿಸಿಯೇ ಬಿಡುತ್ತಿದ್ದೆ. ಮೇಡಂ ಬಾಗಿಲಲ್ಲಿ ಆಕೆಯ ಕೈ ಹಿಡಿದರು.

"ಯವ್ವಾ, ಖರೇನ ಆರಾಮ?"

"ಏನ್ ಆರಾಮ್ರಿ ಬಾಯಾರ! ಮಲಗಿದ್ರ ಉಸರು ಕಟ್ಟತೈತಿ. ಕುಂತ ರಾತ್ರಿ ಕಳೀತೇನಿ."

ಪರೀಕ್ಷಿಸಿದರೆ, ಮುದುಕಿಯ ಹೃದಯ ಸೋತಿತ್ತು. ಆಕೆಯನ್ನು ಹುಬ್ಬಳ್ಳಿಗೆ ಕಳಿಸಿ ಮೇಡಂ ನನ್ನತ್ತ ತಿರುಗಿದರು. "ತಮ್ಮಾ, ನಮ್ಮ ಕಡೆ ಆರಾಮ ಅಂದ್ರ ಬರೇ ಮರ್ಯಾದಿ ಮಾತು. ಜಡ್ಡು ಅದರ ಹಿಂದ ಕುಂತಿರ್ತೈತಿ."

ಕೊನೆಗೆ ಸುಳ್ಳಕ್ಕೆ ನನ್ನನ್ನೇ ಹಾಕಿದಾಗ, ಒಬ್ಬನೇ ಹೇಗೆ ಎಂದು ಅವರೆದುರು ಗೋಳಾಡಿದೆ. "ಹೆದರ್ತಿ ಯಾಕ? ನೀ ಸುಳ್ಳದಾಗ ಇರು, ನಾ ಫೋನಿನ್ಯಾಗ ಇರ್ತೇನಿ" ಎಂದರು. ಇದ್ದರು ಕೂಡ. ನಿವೃತ್ತರಾಗಿ ಮಾಳಮಡ್ಡಿಯ ಮನೆ ಸೇರಿದ ಮೇಲೂ, ಹಾವಿನ ಕಡಿತವಿರಲಿ, ಹೆರಿಗೆಯಿರಲಿ, ತಕ್ಷಣ ಎತ್ತುತ್ತಿದ್ದರು. ಬೈದು, ದಾರಿ ತೋರಿಸಿ, "ಚಹಾ ಕುಡದಿಯೋ ಇಲ್ಲೋ?" ಎನ್ನುತ್ತಿದ್ದರು. ಆ ಧೈರ್ಯದ ಮೇಲೆಯೇ ನಾನು ನಿಂತೆ.

ಹೋದ ಮಳೆಗಾಲ ಒಂದು ಮಗುವಿಗೆ ಫಿಟ್ಸ್ ಬಂದಾಗ ಕರೆ ಮಾಡಿದೆ. ಹೇಳಿಕೊಡುತ್ತಿದ್ದ ಅವರ ಮಾತು ಉಸಿರು ಸಾಲದೆ ನಡುನಡುವೆ ತುಂಡಾಗುತ್ತಿತ್ತು.

"ಮೇಡಂ, ಆರಾಮ ಇದ್ದೀರಾ?"

"ಆರಾಮ ಅದೀನಿ."

"ಖರೇನ ಆರಾಮ?"

ಅವರು ಗಹಗಹಿಸಿ ನಕ್ಕರು, ನಕ್ಕು ಕೆಮ್ಮಿದರು. "ಭೇಷ್! ಈಗ ನೀ ಸುಳ್ಳದ ಡಾಕ್ಟರ್ ಆದಿ ನೋಡು. ಮೊದಲ ಕೂಸಿನ್ನ ನೋಡು, ಆಮ್ಯಾಲೆ ನನಗ ಕೇಳಂತಿ."

ಮಗು ಉಳಿಯಿತು. ಹೊರಗೆ ಜನ ಕಾದಿದ್ದರು. ಕೇಳುವುದು ಮರುದಿನಕ್ಕೆ ಹೋಯಿತು. ಮರುದಿನ ಅವರ ನಂಬರಿನಿಂದಲೇ ಫೋನ್ ಬಂತು. ದನಿ ಅವರ ತಂಗಿಯದು. ಮೇಡಂ ರಾತ್ರಿಯೇ ತೀರಿಕೊಂಡಿದ್ದರು.

ನಾನು ಹೋದಾಗ ಮಾಳಮಡ್ಡಿಯ ಮನೆಯಲ್ಲಿ, ಕಿಟಕಿಯ ಪಕ್ಕ, ದಿಂಬು ಒರಗಿಸಿಟ್ಟ ಒಂದು ಆರಾಮ ಕುರ್ಚಿ ಇತ್ತು.

"ಆಪಾ ಭಾಳ ದಿನದಿಂದ ಇದರಾಗ ಕುಂತ ನಿದ್ದಿ ಮಾಡ್ತಿದ್ರು. ಮಲಗಿದ್ರ ಉಸರು ಕಟ್ಟತಿತ್ತು" ಎಂದರು ತಂಗಿ. "ನಿಮಗರ ಹೇಳಲಿಲ್ಲೇನ್ರಿ ಡಾಕ್ಟರ?"

"ಕೇಳಿದ್ದೆ, ಎರಡು ಸಲ ಕೇಳಿದ್ದೆ. ಉತ್ತರವನ್ನು ಮರುದಿನಕ್ಕೆ ಬಿಟ್ಟೆ" ಎಂದೆ.