ಗದ್ದೆ ಕಡೆಯ ರಾಡ್

ಯಂಕಪ್ಪಣ್ಣ, ನಿನ್ನ ಬಲಗೈ ಹೋದದ್ದು ನಿನ್ನ ತಪ್ಪಿನಿಂದಲ್ಲ, ನನ್ನ ಸುಳ್ಳಿನಿಂದ. ಒಂಬತ್ತು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿನ್ನ ಮನೆಯಲ್ಲಿ, ನಿನ್ನ ಹೆಂಡತಿ, ನಮ್ಮ ವೈನಿ, ಮಾಡಿಕೊಟ್ಟ ಚಹಾ ಕುಡಿದಿದ್ದೇನೆ — ಎಂಥ ಹೊಟ್ಟೆ ನನ್ನದು.

ತಲೆಗೆ ಪೆಟ್ಟಾಗಿ ಆ ದಿನದ್ದು ನಿನಗೊಂದೂ ನೆನಪಿಲ್ಲ. ನನಗೆ ಎಲ್ಲವೂ ನೆನಪಿದೆ. ನಾವಿಬ್ಬರೂ ಲೈನ್‌ಮನ್‌ಗಳು, ಶ್ರೀರಾಮನಗರದ ಹತ್ತಿರ ಹನ್ನೊಂದು ಕೆವಿ ಲೈನಿನಲ್ಲಿ ಕಂಬದ ಎರಡು ಕಡೆಯ ತಂತಿಗಳನ್ನು ಕೂಡಿಸುವ ತುಂಡು ತಂತಿ, ಜಂಪರ್, ಸುಟ್ಟಿತ್ತು; ಅದನ್ನು ಬದಲಿಸಲು ಹೋಗಿದ್ದೆವು. ಸಬ್‌ಸ್ಟೇಷನ್ನಿನಲ್ಲಿ ಲೈನ್ ಬಂದ್ ಮಾಡಿಸಿಯಾಗಿತ್ತು. ಆದರೂ ಕೆಲಸದ ಕಂಬದ ಎರಡೂ ಕಡೆ ತಂತಿಗೆ ಅರ್ಥಿಂಗ್ ರಾಡ್ ಸಿಕ್ಕಿಸಬೇಕು — ಎಲ್ಲಿಂದಲಾದರೂ ಕರೆಂಟ್ ಬಂದರೆ ನೆಲಕ್ಕಿಳಿಯಲಿ ಎಂದು. ರಸ್ತೆ ಕಡೆ ಹಾಕಿದೆ. ರೈಸ್ ಮಿಲ್ ಕಡೆಯ ತಂತಿ ಆಗಷ್ಟೇ ನಾಟಿ ಮಾಡಿದ ಗದ್ದೆಯ ಮೇಲಿತ್ತು. ಮೊಣಕಾಲುದ್ದ ಕೆಸರು. ಸಂಜೆ ಬಸುರಿ ನಾದಿನಿಯ ಕುಬಸದ ಊಟಕ್ಕೆಂದು ನಾನು ಹೊಸ ಪ್ಯಾಂಟ್ ಹಾಕಿಕೊಂಡು ಬಂದಿದ್ದೆ. ಲೈನ್ ಹೇಗೂ ಬಂದ್ ಇದೆಯಲ್ಲ ಅಂದುಕೊಂಡು ಗದ್ದೆಗಿಳಿಯಲಿಲ್ಲ.

ಕಂಬದ ಮೇಲಿಂದ ಎರಡೆರಡು ಸಲ ಕೇಳುವುದು ನಿನ್ನ ಪದ್ಧತಿ.

“ಎರಡೂ ಕಡಿ ಹಾಕೀಯೇನು?”

“ಹಾಕೀನಣ್ಣ.”

“ಗದ್ದಿ ಕಡಿ?”

“ಹಾಕೀನಿ ಅಂದ್ನೆಲ್ಲ. ಎಷ್ಟ್ ಸಲ ಕೇಳ್ತಿ, ಹೆಣ್ಣು ನೋಡಾಕ ಬಂದೀಯೇನು?”

ನೀನು ನಕ್ಕೆ. ನಗುತ್ತಲೇ ಜಂಪರ್ ಬಿಚ್ಚಿದೆ. ಬಿಚ್ಚಿದ ಮೇಲೆ ಮಿಲ್ ಕಡೆಯ ತಂತಿಗೆ ರಸ್ತೆ ಕಡೆಯ ರಾಡಿನ ಆಸರೆಯೂ ತಪ್ಪಿತು. ಅಷ್ಟರಲ್ಲಿ ಮಿಲ್ಲಿನವರು ತಮ್ಮ ಕನೆಕ್ಷನ್ ಲೈನಿನಿಂದ ಬೇರೆ ಮಾಡದೆಯೇ ಜನರೇಟರ್ ಚಾಲೂ ಮಾಡಿದರು. ಕರೆಂಟ್ ಅವರ ಟ್ರಾನ್ಸ್‌ಫಾರ್ಮರ್ ಹಾಯ್ದು, ತಂತಿಗುಂಟ ಹಿಂದಕ್ಕೆ ಬಂದು, ನಿನ್ನ ಕೈ ಹಿಡಿಯಿತು.

ಇದಕ್ಕಿಂತ ಕೆಟ್ಟದ್ದನ್ನು ಇನ್ನೂ ಹೇಳಿಲ್ಲ. ಬೆಲ್ಟಿನ ಹಗ್ಗ ಸುಟ್ಟು ನೀನು ಬಿದ್ದಾಗ ನಾನು ಮೊದಲು ನಿನ್ನ ಹತ್ತಿರ ಓಡಿ ಬರಲಿಲ್ಲ. ಜನರೇಟರ್ ಆಗಲೇ ನಿಂತಿತ್ತು, ಅದು ನನಗೆ ಗೊತ್ತಿತ್ತು. ನೋಡಲು ಬಂದವರಿಗೆ ರಾಡ್ ಕಾಣಲಿ ಎಂದು ಎರಡನೆಯದನ್ನು ಹಿಡಿದು ಅದೇ ಕೆಸರಿಗಿಳಿದೆ, ತಂತಿಗೆ ಸಿಕ್ಕಿಸಿದೆ, ಆಮೇಲೆ ನಿನ್ನ ಕಡೆ ಬಂದೆ. ಅಷ್ಟು ಹೊತ್ತು ನೀನು ಬದುವಿನ ಮೇಲೆ ಒಬ್ಬನೇ — ಪ್ಯಾಂಟಿನ ನೆನಪು ಆಗ ನನಗೆ ಬರಲೇ ಇಲ್ಲ.

ವಿಚಾರಣೆಗೆ ಬಂದ ಸಾಹೇಬರಿಗೆ, “ನಾ ರಾಡ್ ಹಾಕೂದ್ರೊಳಗ ಯಂಕಪ್ಪ ಅವಸರ ಮಾಡಿ ಕೈ ಹಚ್ಚ್ಯಾನ್ರಿ” ಅಂದೆ. ಅವರು ಹಾಗೇ ಬರೆದುಕೊಂಡರು. ಆಸ್ಪತ್ರೆಯಿಂದ ಬಂದ ಮೇಲೆ ನೀನೂ ಅದನ್ನೇ ನಂಬಿದೆ.

ಈಗ ಹೊಸದಾಗಿ ಸೇರಿದವರ ಸುರಕ್ಷತಾ ತರಬೇತಿಗೆ ಪ್ರತಿ ಸಲ ನಿನ್ನನ್ನು ಕರೆಯುತ್ತಾರೆ. ಮಡಚಿ ಪಿನ್ ಹಾಕಿದ ಅಂಗಿಯ ತೋಳು ತೋರಿಸಿ, “ನನ್ನಂಗ ಅವಸರ ಮಾಡಬ್ಯಾಡ್ರಪಾ” ಅನ್ನುತ್ತೀ. ನಾನು ಕೊನೆಯ ಸಾಲಿನಲ್ಲಿ ಕುಳಿತು ಎಲ್ಲರ ಜೊತೆ ಚಪ್ಪಾಳೆ ತಟ್ಟುತ್ತೇನೆ — ಎರಡೂ ಕೈಯಿಂದ. ನಾಚಿಕೆಯಾಗುತ್ತದೆ ಅಣ್ಣ. ಆದರೂ ತಟ್ಟುತ್ತೇನೆ.

ಕ್ಷಮೆ ಕೇಳಲು ನನಗೆ ಮುಖವಿಲ್ಲ. ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ಭಾನುವಾರ ನಾನೇ ತಂದು ನಿನ್ನ ಮುಂದೆ, ವೈನಿಯ ಮುಂದೆ ಓದುತ್ತೇನೆ. ಆಮೇಲೆ ಚಹಾ ಕೊಡುವುದು ಬಿಡುವುದು ನಿಮ್ಮಿಷ್ಟ. ಸೋಮವಾರ ಗಂಗಾವತಿಯಲ್ಲಿ ಮತ್ತೆ ತರಬೇತಿ ಇದೆ. ಈ ಸಲ ನೀನು ತೋಳು ತೋರಿಸುವ ಮೊದಲೇ ಕೊನೆಯ ಸಾಲಿನಿಂದ ಎದ್ದು ನಿಂತು ಹೇಳುತ್ತೇನೆ:

“ಅಣ್ಣಾರು ಎರಡ್ ಸಲ ಕೇಳಿದ್ರು. ನಾ ಎರಡೂ ಸಲ ಸುಳ್ಳು ಹೇಳೀನಿ.”